ಎಡಗಡೆ ಸ್ಪೀಕರಿನ ಎಣ್ಣೆಕಲೆ

“ಅಣ್ಣೋ, ಈ ಕಡೆ ಸ್ಪೀಕರ್ ಸತ್ತೋಗದೆ ಕಣಣ್ಣ. ಆ ಯಮ್ಮ ಒಂದು ಸಾಲು ಹಾಡ್ತದೆ, ಆಮೇಲೆ ಅಷ್ಟೊತ್ತು ಏನೂ ಇಲ್ಲ, ಮತ್ತೆ ಒಂದು ಸಾಲು. ಮೇಲಿನ ಬಟ್ಟೆನೂ ಎಣ್ಣೆಜಿಡ್ಡು. ಊರೋರ ಸೆಟ್ಟೆಲ್ಲ ರಿಪೇರಿ ಮಾಡೋನ ಅಂಗಡೀಲೇ ಇಂಗಾ?”

ಹೀಗಂದವನು ಆಟೊ ಓಡಿಸುವ ಬೀರೇಶ್. ಅಂದು ಚಾಮರಾಜಪುರಂನಲ್ಲಿ ಸಂಜೆ ನಾಲ್ಕಕ್ಕೇ ಮಳೆ ಹಿಡಿದಿತ್ತು. ಆಟೊ ಹೊರಗೆ ನಿಲ್ಲಿಸಿ ಓಡಿಬಂದವನು ಸ್ಪೀಕರಿನ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಬಿಟ್ಟಿದ್ದ. ಕೆಟ್ಟ ಮಿಕ್ಸಿ ತಂದಿದ್ದ ಸಿಂಚನ, ಹಳೆಯ ರೇಡಿಯೊ ತಂದಿದ್ದ ನಾನು ಎದುರಿನ ಬೆಂಚಿನ ಮೇಲೆ. ಅಂಗಡಿಯ ಇರುದಯರಾಜ್‌ ಅವರಿಗೆ ಎಪ್ಪತ್ತಾರು. ಅವರ ದನಿ ಕೇಳಲೆಂದೇ ಕೆಟ್ಟುಹೋಗದ್ದನ್ನೂ ರಿಪೇರಿಗೆ ತರುವವರಲ್ಲಿ ನಾನೊಬ್ಬ. ಬೆಸುಗೆ ಕಡ್ಡಿ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಅವರು ಬೀರೇಶನನ್ನೊಮ್ಮೆ ನೋಡಿ ನಕ್ಕರು. ಹಾಡುತ್ತಿದ್ದ ಕ್ಯಾಸೆಟ್ ನಿಲ್ಲಿಸಲಿಲ್ಲ.

“ಸತ್ತಿದೆ ಅನ್ನೋಕೆ ಮುಂಚೆ ಮುಟ್ಟಿ ನೋಡಬೇಕು ಕಣೋ... ಕೇಳು. ಎಂಟು ವರ್ಷದ ಹಿಂದಿನ ಮಾತು. ಇದು ಹಿಂದಿನ ರಸ್ತೆ ರೋಸಮ್ಮನವರ ಮನೆ ಸೆಟ್ಟು. ಅವರೂ ಅವರ ಯಜಮಾನರು ಕ್ಲೆಮೆಂಟೂ ಚರ್ಚಿನಲ್ಲಿ ಹಾಡೋರು. ಎಂಥ ದನಿ ಅಂತೀಯ! ಎರಡು ಮೈಕ್ ಇಟ್ಟು ಈ ಕ್ಯಾಸೆಟ್ ಮಾಡಿಕೊಟ್ಟೋನೇ ನಾನು. ಅವರೊಂದು ಸಾಲು, ಇವರೊಂದು ಸಾಲು... ಕ್ಲೆಮೆಂಟ್‌ದು ಎಡಗಡೆ ಬರೋದು, ರೋಸಮ್ಮಂದು ಬಲಗಡೆ. ಕ್ಲೆಮೆಂಟ್ ಹೋಗಿ ವರ್ಷ ಆಗ್ತಾ ಬಂದಾಗ ರೋಸಮ್ಮ ಹೇಳಿಕಳಿಸಿದ್ರು. ‘ರಾಜಣ್ಣ, ನಾಡಿದ್ದು ವರ್ಷದ ಪೂಜೆ. ಅವರ ದನಿ ಕೇಳ್ಬೇಕು ಅಂತ ಹಾಕಿದ್ರೆ ಬರೀ ನಂದೇ ಬರ್ತದೆ’ ಅಂತ. ನಾಡಿದ್ದರೊಳಗೆ ಕೇಳಿಸೇ ಕೇಳಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟೆ.

“ಎಡ-ಬಲ ಸದ್ದು ಸರಿದೂಗಿಸೋ ಬ್ಯಾಲೆನ್ಸ್ ತಿರುಪು ನೋಡಿದೆ, ನೆಟ್ಟಗಿತ್ತು. ತಂತಿ ಕೆರೆದು ಹೊಸದಾಗಿ ಸಿಕ್ಕಿಸಿದೆ. ಇಲ್ಲ. ಆಮೇಲೆ ನಮ್ಮ ಕಸುಬಿನ ದೊಡ್ಡ ಪರೀಕ್ಷೆ ಏನು ಹೇಳಿ? ಅದಲು ಬದಲು! ಸ್ಪೀಕರ್‌ಗಳನ್ನ ಆಚೀಚೆ ಮಾಡಿದಾಗ ಮೌನ ಸ್ಪೀಕರ್ ಜೊತೆ ಹೋದ್ರೆ ರೋಗ ಸ್ಪೀಕರಿಂದು. ತಂತಿ ಅದಲು ಬದಲು ಮಾಡಿದಾಗ ಮೌನ ಇನ್ನೊಂದು ಕಡೆಗೆ ಹೋದ್ರೆ ರೋಗ ಆಂಪ್ಲಿಫೈಯರ್‌ದು. ನಲವತ್ತು ವರ್ಷದಲ್ಲಿ ಮೂರನೇದು ನಾನು ನೋಡಿರಲಿಲ್ಲ... ಅವತ್ತು ನೋಡಿದೆ. ಏನು ಬದಲಾಯಿಸಿದ್ರೂ ಮೌನ ಎಡಗಡೆ ಮೂಲೇಲೇ ಕೂತಿತ್ತು ಕಣಮ್ಮ.

“ತಂತಿ ಬದಲಾಯಿಸಿದಾಗ ಕ್ಲೆಮೆಂಟ್ ದನಿ ಬಾಗಿಲ ಕಡೆ ಇದ್ದ ಬಲಗಡೆ ಸ್ಪೀಕರಿಂದ ಬಂತು, ಸುಳ್ಳು ಹೇಳಲ್ಲ. ಆದ್ರೆ ರೋಸಮ್ಮನ ದನಿ ಮೂಲೆಗೆ ಹೋಗಿ ಮುಚ್ಚಿಹೋಯ್ತು. ಆಯಮ್ಮ ಕಿವಿ ಮುಚ್ಕೊಂಡ್ರು. ‘ಬೇಡ ರಾಜಣ್ಣ... ಅವರು ಕರೀತಾನೇ ಇದಾರೆ, ನಾನು ಓಗೊಡ್ತಾನೇ ಇಲ್ಲ ಅನ್ನೋ ಹಂಗಿದೆ.’ ಅರ್ಧ ಕೆಲಸ ಕೊಟ್ಟು ಬರೋಕೆ ಆಗ್ತದಾ? ಮೂಲೆ ಸ್ಪೀಕರಿನ ಬಟ್ಟೆ ಬಿಚ್ಚಿ ಒಳಗಿನ ಕಾಗದದ ಮೇಲೆ ಅಂಗೈ ಇಟ್ಟೆ. ಅದುರ್ತಾ ಇತ್ತು! ಒಂದೊಂದು ಅಕ್ಷರಕ್ಕೂ ಅದುರ್ತಾ ಇತ್ತು... ಸದ್ದು ಮಾತ್ರ ಇಲ್ಲ. ಹೊರಗೆ ಬೀಳೋಕೆ ಮುಂಚೆನೇ ಯಾರೋ ಕುಡಿದುಬಿಟ್ಟ ಹಂಗೆ. ತಂತಿ ಮೊದಲಿನಂತೆ ಹಾಕಿ, ಹೊಸ ಬಟ್ಟೆ ಹೊದಿಸಿ ಬಂದೆ. ಮಾರನೇ ದಿನ ಹೋದ್ರೆ ಬಟ್ಟೆ ಮೇಲೆ ಕೊಬ್ಬರಿ ಎಣ್ಣೆ ಕಲೆ. ಹಸಿ. ಎಷ್ಟಗಲ? ಒಂದು ಕಿವಿ, ಒಂದು ಕೆನ್ನೆ.

“ರೋಸಮ್ಮನ್ನ ಕೇಳಿದೆ, ಈ ಮೂಲೇಲಿ ಮುಂಚೆ ಏನಿತ್ತಮ್ಮ ಅಂತ. ‘ಅವರ ಕುರ್ಚಿ. ದಿನಾ ಅಲ್ಲೇ ಕೂತು ಕೇಳೋರು.’ ತೀರಿಕೊಂಡೋರ ಸಾಮಾನನ್ನ ತಿಂಗಳ ಪೂಜೆಗೆ ಮುಂಚೆ ದಾನ ಕೊಡೋದು ಆ ಮನೆ ಪದ್ಧತಿ. ಮಗಳು ಡಯಾನಾ ಕುರ್ಚೀನ ಕೆಸರೆ ಕಡೆ ಒಂದು ವೃದ್ಧಾಶ್ರಮಕ್ಕೆ ಕೊಟ್ಟು, ಖಾಲಿ ಜಾಗಕ್ಕೆ ಸ್ಪೀಕರ್ ಸರಿಸಿಬಿಟ್ಟಿದ್ದಳು. ಯೋಚನೆ ಮಾಡಿ... ಕೂರೋಕೆ ಜಾಗ ಇಲ್ಲದ ಮನುಷ್ಯ ಏನು ಮಾಡ್ತಾನೆ? ನಿಂತ್ಕೊಂಡು, ಬಗ್ಗಿ, ಸ್ಪೀಕರಿಗೇ ಕಿವಿ ಒತ್ತಿ ಕೇಳ್ತಾನೆ. ಬೇರೆಯೋರಿಗೆ ಏನು ಉಳೀತದೆ?

“ಅವತ್ತೂ ಇಂಥದ್ದೇ ಮಳೆ, ಅದರಲ್ಲೇ ಕೆಸರೆಗೆ ಹೋದೆ. ಅಲ್ಲಿನೋರಿಗೆ ಹೊಸ ಕುರ್ಚಿ ಕೊಟ್ಟು ಹಳೇದನ್ನ ತಂದು ಮೂಲೇಲಿ ಸ್ಪೀಕರ್ ಪಕ್ಕ ಹಾಕಿದೆ. ಪೂಜೆ ಮುಗಿಸಿ ಎಲ್ಲರೂ ಬಂದ್ರು, ಕ್ಯಾಸೆಟ್ ಹಾಕಿದೆ. ಅವರೊಂದು ಸಾಲು, ಇವರೊಂದು ಸಾಲು... ಮನೆ ತುಂಬಿಹೋಯ್ತು! ಡಯಾನಾ ಅತ್ತಳು. ರೋಸಮ್ಮ ಅಳಲಿಲ್ಲ. ಖಾಲಿ ಕುರ್ಚಿ ಕಡೆ ತಿರುಗಿ, ‘ಹಾಂ, ಹಂಗೆ ಒರಗಿಕೊಳ್ಳಿ’ ಅಂದ್ರು, ಅಷ್ಟೇ.

“ಹೋದ ವರ್ಷ ಅವರೂ ತೀರಿಕೊಂಡ್ರು. ಸೆಟ್ಟು, ಕುರ್ಚಿ ಎರಡೂ ನನಗೇ ಬಿಟ್ಟುಹೋದ್ರು, ಬೇರೆ ಮಾಡಬೇಡಿ ಅಂತ.”

ಕ್ಯಾಸೆಟ್ಟಿನಲ್ಲಿ ರೋಸಮ್ಮ ಹಾಡುತ್ತಲೇ ಇದ್ದರು. ಒಂದು ಸಾಲು. ಆಮೇಲೆ ಬರೀ ಮಳೆ.

“ಅಂಕಲ್...” ಸಿಂಚನ ಮಿಕ್ಸಿಯನ್ನು ಎದೆಗೆ ಅವುಚಿಕೊಂಡಳು. “ಆ ಕುರ್ಚಿ ಎಲ್ಲಿದೆ?”

ಇರುದಯರಾಜ್ ಬೀರೇಶನ ಕಡೆ ನೋಡಿದರು.

“ಕ್ಲೆಮೆಂಟ್ ಬಹಳ ಸಂಕೋಚದ ಮನುಷ್ಯ ಕಣೋ. ಎದ್ದೇಳು ಅಂತ ಬಾಯಿಬಿಟ್ಟು ಹೇಳೋರಲ್ಲ.”

ಬೀರೇಶ್ ಎದ್ದು ಬಾಗಿಲ ತನಕ ಬಂದದ್ದು ನನಗೆ ಕಾಣಿಸಲೇ ಇಲ್ಲ, ಅಷ್ಟು ಬೇಗ. ಕುರ್ಚಿಯ ಬೆತ್ತ ಕಿರುಗುಟ್ಟಿ ಸುಮ್ಮನಾಯಿತು. ರೋಸಮ್ಮನ ಸಾಲು ಮುಗಿಯಿತು. ಬೆತ್ತ ಮತ್ತೊಮ್ಮೆ, ಈಗ ನಿಧಾನವಾಗಿ, ಕಿರುಗುಟ್ಟಿತು. ಎಡಗಡೆ ಸ್ಪೀಕರಿನಿಂದ ಗಂಡು ದನಿಯೊಂದು ಮುಂದಿನ ಸಾಲು ಎತ್ತಿಕೊಂಡಿತು.