ಮೀಸೆ ಬೋಳಿಸಿಕೊಂಡು ಬಂದ ಕಾರಣ

ಸನ್ಮಾನ್ಯ ಅಧ್ಯಕ್ಷರಾದ ಲಕ್ಷ್ಮೀಕಾಂತ ಶೇಟಜಿಯವರೇ, ಈ ಮುಚ್ಚಿದ ಗಿರಣಿಯನ್ನು ರಂಗಮಂದಿರ ಮಾಡಿಕೊಟ್ಟ ವಾಸ್ತುಶಿಲ್ಪಿ ಶುಭಾಂಗಿತಾಯಿಯವರೇ, ಸೊಲ್ಲಾಪುರದ, ಹೋಟಗಿಯ, ಅಕ್ಕಲಕೋಟದ ರಸಿಕ ಸಭಿಕರೇ, ಮತ್ತು ಮೊದಲ ಸಾಲಿನಲ್ಲಿ ಕುಂತು ನನ್ನನ್ನೇ ದಿಟ್ಟಿಸುತ್ತಿರುವ ನನ್ನ ಹಡೆದವ್ವ ರತ್ನಾಬಾಯಿಯೇ!

ಬಂದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: “ಏನ್ ಸಿದ್ದಣ್ಣ, ಮೀಸಿ ಎಲ್ಲಿ ಹೋತ್ರಿ?” ರಂಗದ ಮೇಲೆ ರಾಜರು, ರಾಕ್ಷಸರು, ಸಾಹುಕಾರರು, ಎಲ್ಲರನ್ನೂ ಸಾಕಿದ ಮೀಸೆ ಅದು! ಮುಂಜಾನೆ ಬೋಳಿಸಿಕೊಂಡೆ. ಯಾಕೆ? ಹೇಳುತ್ತೇನೆ. ಮೊದಲು ಕತ್ತೆತ್ತಿ ನೋಡಿರಿ!

ಆಹಾ! ಗರಗಸದ ಹಲ್ಲಿನಂಥ ಛಾವಣಿ, ಹಲ್ಲುಹಲ್ಲಿಗೂ ಗಾಜು. ಪಾರಿವಾಳದ ಹಿಕ್ಕೆಯಡಿ ಹೂತುಹೋಗಿದ್ದ ಆ ಗಾಜನ್ನೆಲ್ಲ ಶುಭಾಂಗಿತಾಯಿ ಇಳಿಸಿ ತೊಳೆಸಿದರು. ಈಗ ಬೆಳಕು ಹಾಲಿನಂತೆ ಇಳಿಯುತ್ತಿದೆ! ಯಾವ ನಾಟಕ ಕಂಪನಿಯ ಪರದೆಯಲ್ಲಿ ಇಂಥ ಇಂದ್ರಸಭೆ ಇತ್ತು?

ಇಲ್ಲೇ ಮಗ್ಗಗಳು ಓಡುತ್ತಿದ್ದವು, ಕಂಬಗಳೂ ಗಡಗಡ ನಡುಗುತ್ತಿದ್ದವು. ಆ ಸದ್ದಿನೊಳಗೆ ಈ ನನ್ನ ದನಿ, ಹೌದ್ರಿ, ಈ ದನಿಯೂ ಸೊಳ್ಳೆಯ ಗುಂಯ್! ಹೀಗಾಗಿ ಇಲ್ಲಿಯವರು ತುಟಿಯಿಂದ ಆಡುತ್ತಿದ್ದರು, ಕಣ್ಣಿಂದ ಕೇಳುತ್ತಿದ್ದರು. ಆ ಗೋಡೆಯ ಹತ್ತಿರ ಒಬ್ಬಾಕೆ “ಮಗಳ ಲಗ್ನ ಗೊತ್ತಾತು” ಅಂತ ತುಟಿ ಆಡಿಸಿದರೆ, ಈ ಗೋಡೆಯಿಂದ ಸದ್ದಿಲ್ಲದೆ ಉತ್ತರ: “ಹೋಳಿಗಿ ಯಾವಾಗ?”

ಇಲ್ಲೇ ಮಗ್ಗದ ಮುಂದೆ ದುಡಿದ ನಮ್ಮವ್ವನ ಕಿವಿಯನ್ನು ಗಿರಣಿ ತಿಂದಿತು. ಮನೆಯಲ್ಲಿ ನಾನು ಒದರುತ್ತಿದ್ದೆ. ಆಕೆ ಗದ್ದ ಹಿಡಿದು ಹೇಳುತ್ತಿದ್ದಳು, “ಒದರಬ್ಯಾಡೋ. ಬಾಯಿ ನೆಟ್ಟಗ ತಗದು ಮಾತಾಡು. ನಾ ನೋಡಾಕತ್ತೀನಿ.” ನನ್ನ ಸ್ಪಷ್ಟ ಮಾತನ್ನು ಹೊಗಳುವವರೇ, ಕಲಿಸಿದವರು ಯಾರೆಂದು ತಿಳಿಯಿತೇ?

ಅಕ್ಕಲಕೋಟದ ಬಯಲಿನಲ್ಲಿ ನನಗೆ ಮೊದಲ ಸಲ ರಾಜನ ಪಾರ್ಟು. ಕಡೇ ಸಾಲಿನಿಂದಲೂ ಚಪ್ಪಾಳೆ. ಅವ್ವ ಮಾತ್ರ ಅರ್ಧಕ್ಕೇ ಎದ್ದು ಎಸ್‌.ಟಿ. ಬಸ್ಸು ಹಿಡಿದಳು! ಮರುದಿನ ಕೇಳಿದರೆ, “ರಾಜಾ ಏನಂದನೋ ನನಗೇನ್ ಗೊತ್ತು? ತುಟಿ ಮ್ಯಾಲ ಕುದುರಿ ಬಾಲ ಅಂಟಿಸ್ಕೊಂಡು ನಿಂತಿದ್ದಿ!” ಮುಂದೆ ಮೀಸೆ ಸ್ವಂತದ್ದೇ ಬೆಳೆಯಿತು, ಮನೆಯಲ್ಲಿ ಅವ್ವನಿಗೆ ತುಟಿ ಕಾಣಲೆಂದು ಅದನ್ನು ಎತ್ತಿ ಹಿಡಿದು ಮಾತಾಡುತ್ತಿದ್ದೆ. ಹೆಸರೂ ಬೆಳೆಯಿತು. ಊರೆಲ್ಲ ಕೇಳಿದ ಮಗನ ಮಾತು ಆಕೆಗೊಬ್ಬಳಿಗೇ ತಲುಪಲಿಲ್ಲ. ಆಮೇಲೆ ಯಾವ ನಾಟಕಕ್ಕೂ ಆಕೆ ಬರಲಿಲ್ಲ.

ಹೋದ ವಾರ ಈ ಸಭೆಗೆ ಕರೆದೆ. “ತ್ವಾಟದಾಗ ಬಿಡ್ತಾರೇನು?” ಅಂದಳು. ಹೊರಗಿನ ಆ ತೋಟ, ಆ ಕಾರಂಜಿ ಆಗ ಸಾಹೇಬರ ಮನೆಯವರಿಗೆ ಮಾತ್ರ. ದುಡಿಯುವವರಿಗೆ ಕಿಟಕಿಯಿಂದ ನೋಡುವ ಭಾಗ್ಯವಷ್ಟೇ. ಇಂದು ಆಕೆ ಕಾರಂಜಿಯ ಕಟ್ಟೆಯ ಮೇಲೆ ಕುಂತು, ನೀರಲ್ಲಿ ಕೈಯಾಡಿಸಿ, ಆಮೇಲೆ ಒಳಗೆ ಬಂದಳು. ಬಂದವಳೇ ಈ ಕಬ್ಬಿಣದ ಕಂಬಕ್ಕೆ ಅಂಗೈ ಹಚ್ಚಿದಳು. ಬೆರಗಿನಿಂದ ನನ್ನತ್ತ ತಿರುಗಿದಳು: “ನಡಗವಲ್ದೋ ಸಿದ್ದಣ್ಣಾ! ಕಂಬ ಸುಮ್ಮನ ನಿಂತೈತಿ!”

ಮೈಕಿನವರೇ, ಬಂದ್ ಮಾಡ್ರಿ. ಸಭಿಕರೇ, ಈಗ ನಿಮಗೇನೂ ಕೇಳಿಸದು, ಕ್ಷಮಿಸಿರಿ. ಅಂದು ಅವ್ವ ಅರ್ಧಕ್ಕೇ ಬಿಟ್ಟುಬಂದ ಆ ನಾಟಕದ ರಾಜ ಪಟ್ಟಕ್ಕೇರುವ ಮುಂಚೆ ತನ್ನ ತಾಯಿಗೆ ಆಡುವ ಮಾತನ್ನು, ಈ ಬೋಳು ತುಟಿಯಿಂದಲೇ, ದನಿಯಿಲ್ಲದೆ ಆಡುತ್ತೇನೆ.

. . .

ಹಚ್ಚಿರಿ ಮೈಕು. ನೋಡಿದಿರಾ? ಆಕೆಯ ತುಟಿಯೂ ಆಡಿತು! ಏನಂದಳು ಗೊತ್ತೇ? “ರಾಜಾ ಛಲೋ ಮಾತಾಡ್ಯಾನ. ಇನ್ನ ಇಳಿ, ಮಂದಿ ಹಸದಾರ.”

ಇಷ್ಟು ದೊಡ್ಡ ವಿಮರ್ಶೆ ನನಗೆ ಎಂದೂ ಸಿಕ್ಕಿರಲಿಲ್ಲ. ಈ ಬೆಳಕು ತಂದವರಿಗೆ, ಆ ತೋಟದ ಬಾಗಿಲು ತೆರೆದವರಿಗೆ ಕೈಮುಗಿದು, ಅವ್ವನ ಅಪ್ಪಣೆಯಂತೆ ಇಳಿಯುತ್ತೇನೆ. ನಮಸ್ಕಾರ!