ಹದಿನೆಂಟನೇ ಮೊಳ

…ಎಲ್ಲಾರೂ ಕೈ ಎತ್ತಿದ್ರು ಅಂತ ನೀನೂ ಎತ್ತಿದಿ, ಹೌದಿಲ್ಲೊ? ಸಾಲಿ ಹುಡುಗ್ರೆಲ್ಲಾ ಗುಡ್ಡ ಹತ್ತಾಕ ಹೋಗೂಣು ಅಂದ್ರು, ಕಾಲು ಎಳಕೊಂಡು ನಡಿಯೂ ಆ ಹುಡುಗಿ ಒಬ್ಬಾಕಿ ಸುಮ್ನ ಕುಂತ್ಲು, ಆಕಿ ಗೆಳತಿ ಆಗಿ ನೀನೂ ಕೈ ಎತ್ತಿದಿ. ಬಾ ಇಲ್ಲಿ, ಕುಂದ್ರು. ನಿಮ್ಮಜ್ಜನೂ ಒಮ್ಮೆ ಹಿಂಗ ಕೈ ಎತ್ತಿದ್ದ. ಹೂಂ, ನಿಮ್ಮಜ್ಜನ. ಫೋಟೋದಾಗ ಭಾಳ ದೊಡ್ಡ ಮನಶ್ಯಾನಂಗ ಕಾಣ್ತಾನ, ಅವತ್ತ ನೋಡಬೇಕಿತ್ತು ನೀ.

ನಾ ಬನಹಟ್ಟಿಗೆ ಸೊಸಿ ಆಗಿ ಬಂದು ಎರಡು ವರ್ಷ ಆಗಿತ್ತು. ಅಲ್ಲ, ಎರಡಲ್ಲ, ನಿಮ್ಮಪ್ಪ ಇನ್ನ ಹೊಟ್ಯಾಗ ಇದ್ದಿದ್ದಿಲ್ಲ, ಅಂದ್ರ ಒಂದೂವರಿ ಇರಬೇಕು. ಆಗ ನಮ್ಮೂರು ಮುಂಬೈ ರಾಜ್ಯದಾಗಿತ್ತು, ನೂಲು ಸರಕಾರದ ಕಂಟ್ರೋಲಿನ್ಯಾಗ, ರೇಶನ್ನಿನಂಗ ಬರ್ತಿತ್ತು. ಚೀಟಿ ಹಿಡಕೊಂಡು ಮುಂಜಾನಿಂದ ನಿಂತ್ರ ಅರ್ಧಾ ಮಂದಿಗೆ ಸಿಗ್ತಿತ್ತು, ಅರ್ಧಾ ಮಂದಿ ಬರೇ ಕೈಲೆ ಬರ್ತಿದ್ರು. ಮಗ್ಗ ನಿಂತ್ರ ಒಲಿನೂ ನಿಂತಂಗ, ಗೊತ್ತೈತಿಲ್ಲ. ನಮ್ಮ ಓಣಿ ಹಿರ್ಯಾ ಮಲ್ಲಪ್ಪ ಕಾಕಾ ಅಂತ ಇದ್ದ. ಖರೆ ಹೇಳ್ತೇನಿ, ಕೆಟ್ಟ ಮನಶ್ಯಾ ಅಲ್ಲ, ಉಪಾಸ ಇದ್ದ ಮನಿಗೆ ತನ್ನ ಜ್ವಾಳ ಕಳಸಾಂವ. ಆವ ನೇಕಾರರನ್ನೆಲ್ಲಾ ಗುಡಿ ಕಟ್ಟಿಗೆ ಕರದು ಅಂದ, "ನೋಡ್ರೆಪಾ, ಹದಿನೆಂಟು ಮೊಳದ ಸೀರಿನ ಹದಿನೇಳಕ್ಕ ನಿಲ್ಲಸೂಣು. ಹದಿನೇಳು ಸೀರಿ ನೂಲಿನ್ಯಾಗ ಹದಿನೆಂಟು ಆಗ್ತಾವ. ಮಡಿಚಿ ಇಟ್ರ ಯಾರಿಗೂ ತಿಳಿಯೂದಿಲ್ಲ. ಆದ್ರ ಎಲ್ಲಾರೂ ಹಂಗ ನೇಯಬೇಕ. ಒಬ್ಬಾಂವ ಪೂರಾ ನೇದ್ರ ಸಂತ್ಯಾಗ ಜೋಡಿ ಇಟ್ಟು ಅಳಿತಾರ, ಓಣಿ ಪೂರಾ ಸಿಗಬೀಳ್ತೈತಿ." ಎಲ್ಲಾರೂ ಕೈ ಎತ್ತಿದ್ರು. ನಿಮ್ಮಜ್ಜನೂ ಎತ್ತಿದ. ಹೆಂಗಸ್ರು ನಾವು ಗ್ವಾಡಿ ಹಿಂದ ನಿಂತಿದ್ವಿ, ನಮ್ಮ ಕೈ ಯಾರು ಎಣಸಬೇಕ?

ಮೊದಲನೇ ಗಿಡ್ಡ ಸೀರಿ ನಮ್ಮ ಮಗ್ಗದಿಂದ ಇಳೀತು. ನೋಡಾಕ ಭಾಳ ಛಲೋ ಇತ್ತು, ಕೆಂಪು ಅಂಚು. ಆದ್ರ ನನಗ ಸಮಾಧಾನ ಇಲ್ಲ. ಈ ಓಣಿ ಹೆಂಗಸ್ರು ದಿನಾ ಕುಂತು ರಾಟಿ ತಿರುವಿ ಕಂಡಿಕಿಗೆ ನೂಲು ಸುತ್ತಾವ್ರು, ಅವ್ರಿಗೇನ್ ಗೊತ್ತಾಗಬೇಕ. ನನ್ನ ತವರೂರು ರನ್ನ ಬೆಳಗಲಿ, ಹೊಲದಾಗ ಬೆಳದಾಕಿ ನಾ. ನಮ್ಮವ್ವ ಕಚ್ಚಿ ಹಾಕಿ, ಹೊತ್ತು ಏರಿದಾಗಿಂದ ಮುಳುಗೂತನ ಬಗ್ಗಿ ಕಳೆ ತಗದಾಕಿ. ನಾ ಆ ಸೀರಿ ಉಟ್ಟು, ಹಿಂದ ಕಚ್ಚಿ ಸಿಗಿಸಿ, ನಿಮ್ಮಜ್ಜನ ಮುಂದ ಹೋಗಿ ನಿಂತ್ನಿ. "ಇಲ್ಲಿ ನೋಡ್ರಿ" ಅಂದು ಕಳೆ ಕೀಳಾವ್ರಂಗ ಬಗ್ಗಿದ್ನಿ. ಎರಡನೇ ಸಲ ಬಗ್ಗೂದ್ರಾಗ ಕಚ್ಚಿ ಬಿಚ್ಚಿ ನೆಲಕ್ಕ ಬಿತ್ತು. "ನಿಮಗ ಇದು ಒಂದ್ ಮೊಳ ನೂಲ್ರಿ. ಹೊಲದಾಗ ನಾಕ ಮಂದಿ ಗಂಡಸರ ನಡುವ ದುಡಿಯಾಕಿಗೆ ಇದು ಮಾನ" ಅಂದ್ನಿ. ಆವ, "ಎಲ್ಲಾರೂ ಕೈ ಎತ್ತೇವಿ, ಈಗೇನ್ ಮಾಡ್ಲಿ?" ಅಂದ. "ಇಳಸ್ರಿ" ಅಂದ್ನಿ.

ಹೋದ. "ಕಾಕಾ, ನಾ ಹದಿನೆಂಟ ನೇಯಾಂವ್ರಿ" ಅಂದ. ಮಲ್ಲಪ್ಪ ಕಾಕಾ ಸಿಟ್ಟಾಗಲಿಲ್ಲ, ಅದ ನನಗ ಭಾಳ ಚುಚ್ಚಿದ್ದು. "ತಮ್ಮಾ, ಮೂವತ್ತು ಮನಿ ಹಸಿವಿಗಿಂತ ನಿನ್ನ ಹೇಣ್ತಿ ಮಾತು ದೊಡ್ಡದಾತೇನು? ಹಂಗಾರ ನಿನ್ನ ಹಾಸು ನೀನ ಹಿಡಕೋ" ಅಂದ. ಇದರ ಅರ್ಥ ನಿನಗ ತಿಳಿಯೂದಿಲ್ಲ, ಹೇಳ್ತೇನಿ. ಉದ್ದಕ ಹೋಗೂ ನೂಲಿಗೆ ಹಾಸು ಅಂತಾರ. ಅದನ್ನ ಮಗ್ಗಕ್ಕ ಏರಸೂ ಮೊದಲ ಓಣಿ ತುಂಬ ಬಿಗದು ಎಳದು ಗಂಜಿ ಹಚ್ಚಿ ಕುಂಚದ್ಲೆ ತಿಕ್ಕಬೇಕು, ಗಂಜಿ ಒಣಗೂದ್ರಾಗ ಎಳಿ ಎಳಿ ಬಿಡಸಬೇಕು. ಎಂಟ ಹತ್ತ ಮಂದಿ ಕೈ ಬೇಕು. ಅದಕ್ಕ ಓಣಿಯವ್ರು ಒಬ್ರಿಗೊಬ್ರು ಬರ್ತಿದ್ರು. ನಮಗ ಯಾರೂ ಬರಲಿಲ್ಲ. ಮನ್ಯಾಗ ಇದ್ದದ್ದು ಅದೊಂದ ಹಾಸು. ಗಂಜಿ ಇಲ್ದ ನೇದ್ರ ಹರದು ಚಿಂದಿ ಆಗ್ತಿತ್ತು, ಮುಂದಿನ ನೂಲು ಯಾವಾಗೋ. ಹದಿನೈದು ದಿನಾ ಮಗ್ಗ ಸುಮ್ನ ನಿಂತಿತ್ತು. ಒಂದಿನ ಅತ್ನಿ. ಓಣ್ಯಾಗಿನ ಮಕ್ಕಳು ಹಸದು ಅಳೂದು ನನಗೂ ಕೇಳಸ್ತಿತ್ತು, ನಾನ ತಪ್ಪೇನೋ ಅಂತ ಅನಸ್ತಿತ್ತು. ಆದ್ರ ಆ ಕಚ್ಚಿ ಬಿದ್ದದ್ದು ಕಣ್ಣ ಮುಂದಿಂದ ಹೋಗ್ತಿದ್ದಿಲ್ಲ.

ಆಮ್ಯಾಲ ತವರಮನಿಗೆ ಹೇಳಿ ಕಳಿಸಿದ್ನಿ. ಚಕ್ಕಡ್ಯಾಗ ಒಂಬತ್ತು ಮಂದಿ ಹೆಂಗಸ್ರು ಬಂದ್ರು, ರೊಟ್ಟಿ ಅವರ ಕಟಗೊಂಡು ಬಂದಿದ್ರು. ಮುಂಚೂಣ್ಯಾಗ ನಮ್ಮ ಚಿಗವ್ವ ಯಲ್ಲವ್ವ, ಬಾಯಿ ಅಂದ್ರ ಬಾಯಿ ಆಕಿದು. ಮರದಿನ ಮುಂಜಾನೆ ಕಚ್ಚಿ ಬಿಗದು ಓಣಿಗೆ ಇಳದ್ರು. ಕುಂಚ ಹೆಂಗ ಹಿಡಿಯೂದು ಒಬ್ಬಾಕಿಗೂ ಗೊತ್ತಿಲ್ಲ. ನಿಮ್ಮಜ್ಜ, "ಯವ್ವಾ, ಅದು ಕಸಬರಗಿ ಅಲ್ರಿ, ಮೆತ್ತಗ" ಅನಕೋಂತ ಆ ತುದಿಂದ ಈ ತುದಿಗೆ ಓಡಾಕತ್ತಿದ್ದ. ಓಣಿ ಗಂಡಸ್ರು ಬಾಗಲದಾಗ ನಿಂತು ನಗಾಕತ್ತಿದ್ರು. ಅಷ್ಟ್ರಾಗ ಚಿಗವ್ವ ಬಗ್ಗಿ ಕುಂಚ ಎಳದ್ಲು ನೋಡು, ಆಕಿ ಕಚ್ಚಿ ಫಟ್ಟನ ಬಿಚ್ಚಿತು.

ನಗಿ ನಿಂತಿತು. ಚಿಗವ್ವ ಒಂದ್ ಕೈಲೆ ಸೀರಿ ಹಿಡಕೊಂಡು ಎದ್ದು ನಿಂತು, ಮಲ್ಲಪ್ಪ ಕಾಕಾನ ಮಾರಿ ನೋಡಿ ಕೇಳಿದ್ಲು, "ಯಾಕ ಅಣ್ಣಾರ, ನಗ್ರಿ. ಮಾಲಿಂಗಪೂರ ಸಂತ್ಯಾಗ ಹದಿನೆಂಟು ಮೊಳ ಅಂತ ತಗೊಂಡೇನಿ. ಎಲ್ಲಿಂದು ಅಂದ್ರ ಬನಹಟ್ಟಿದು, ಇದ ಓಣಿದು ಅಂದ್ರು. ಹೊಲದಾಗ ಮೂರ ಸಲ ಹಿಂಗ ಆಗೇತಿ. ನಿಮ್ಮ ಮನಿ ಹೆಣ್ಮಕ್ಕಳಿಗೆ ಇದನ್ನ ಉಡಸಿ ಸಂತಿಗೆ ಕಳಸ್ತೀರೇನು?" ಅಂಚು ನೋಡಿದ್ರು ಎಲ್ಲಾರೂ, ಒಂದೊಂದು ಮಗ್ಗಕ್ಕ ಒಂದೊಂದು ಅಂಚು ಇರ್ತಿತ್ತು, ಆ ಅಂಚು ಮಲ್ಲಪ್ಪ ಕಾಕಾನ ಮಗ್ಗದ್ದ ಆಗಿತ್ತು. ಆವ ಮಾರಿ ಆ ಕಡೆ ತಿರಗಿಸಿದ. ಆಮ್ಯಾಲ ತೋಳು ಏರಿಸಿ ಬಂದು, "ಕೊಡು ತಂಗಿ, ಕುಂಚ ಹಂಗ ಹಿಡಿಯೂದಲ್ಲ" ಅಂದ. ಅಂವನ ಹಿಂದ ಒಬ್ಬೊಬ್ರ ಬಂದ್ರು. ಗಂಜಿ ಒಣಗೂದ್ರಾಗ ಓಣಿ ಪೂರಾ ನಮ್ಮ ಹಾಸಿನ ಸುತ್ತ ಇತ್ತು. ನಾ ಸೆರಗು ಬಾಯಿಗೆ ಇಟಗೊಂಡು ಅತ್ನಿ, ಖುಷಿಗೆ ಅತ್ನಿ.

ಅವತ್ತಿಂದ ಓಣ್ಯಾಗ ಎಲ್ಲಾರೂ ನೇದದ್ದು ಹದಿನೆಂಟ. ಹಸಿವು ಹೋಗಲಿಲ್ಲ, ಸುಳ್ಳು ಯಾಕ ಹೇಳ್ಲಿ, ಆ ವರ್ಷ ಒಂದ ಹೊತ್ತು ಉಂಡ್ವಿ. ಆದ್ರ ಮುಂದ ಸಂತ್ಯಾಗ ಹೊಲದ ಹೆಂಗಸ್ರು ನಮ್ಮ ಓಣಿ ಸೀರಿ ಅಳೀಲಾರ್ದ ತಗೊಳ್ಳಾಕತ್ತಿದ್ರು. ಆ ಗಿಡ್ಡ ಸೀರಿ ನಾ ಮಾರಲಿಲ್ಲ, ಕೌದಿ ಮಾಡೇನಿ, ನೀ ಹೊಚ್ಚಗೋತಿ ಅಲ್ಲ, ಅದ ಅದು.

ಕೈ ಎತ್ತೂ ಮೊದಲ ಎಷ್ಟ ಕೈ ಎದ್ದಾವು ಅಂತ ನೋಡಬ್ಯಾಡ ಯವ್ವಾ, ಅದನ್ನ ಉಡಾಕಿ ಯಾರು ಅಂತ ನೋಡು. ನಾಳೆ ಸಾಲಿಗೆ ಹೋದಕೂಡ್ಲೆ ಆ ಹುಡುಗಿನ್ನ ಕೇಳು, ನಿನಗ ಎಲ್ಲಿ ಹೋಗಬೇಕು ಅಂತ. ಏಳು ಈಗ, ರೊಟ್ಟಿ ಆರಾಕತ್ತಾವ.