ಬಿರುಕಿನ ಬಳಿಯಿದ್ದ ಎರಡನೇ ಮರ

ಹೆಸರು: ಆರ್ಡಿಸ್ ಬ್ರೆಕೆ, ಗಂಡ ದಿವಂಗತ ಗೋರ್ಡನ್ ಬ್ರೆಕೆ. ವಯಸ್ಸು: 58 ವರ್ಷ. ಉದ್ಯೋಗ: ಶಾಲೆಯ ಅಡುಗೆಮನೆಯಲ್ಲಿ ಅಡುಗೆ ಕೆಲಸ. ವಿಳಾಸ: ಕೌಂಟಿ ರಸ್ತೆ 9, ನೋರ್ಡಾಲ್, ಮಿನ್ನೆಸೋಟ.

ಆಲ್ಡರ್ ಕೆರೆಯ ಅಪಘಾತದ ಬಗ್ಗೆ ನಾನಾಗಿಯೇ ಶೆರೀಫ್ ಕಚೇರಿಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಾನು ಹನ್ನೊಂದು ಚಳಿಗಾಲದಿಂದ ಒಳಗೆ ಕುಳಿತು ಗಡ್ಡೆ ಕೊರೆದು ಮೀನು ಹಿಡಿಯಲು ಕೆರೆಯ ಮಂಜುಗಡ್ಡೆಯ ಮೇಲೆ ನಿಲ್ಲಿಸುವ ಪುಟ್ಟ ಮೀನುಮನೆಗಳ ಫೋಟೋ ತೆಗೆಯುತ್ತಿದ್ದೇನೆ. ಮಾರ್ಚ್ ಮೊದಲ ವಾರಕ್ಕೆ ಮನೆಗಳನ್ನೆಲ್ಲ ದಡಕ್ಕೆ ಎಳೆದುಕೊಂಡು ಹೋಗಬೇಕಾದ್ದರಿಂದ ನನಗೆ ಸಿಗುವುದು ಎಂಟೋ ಒಂಬತ್ತೋ ಶನಿವಾರ. ಮನೆ ನೇರವಾಗಿ ನಿಂತಿರಬೇಕು, ಬಾಗಿಲು ಮುಚ್ಚಿರಬೇಕು, ಸುತ್ತ ಹಿಮ ಮತ್ತು ಆಕಾಶ ಬಿಟ್ಟು ಬೇರೇನೂ ಕಾಣಬಾರದು. ಇದು ನನ್ನ ಹಟ. ಜನ ನಗುತ್ತಾರೆ. ನಗಲಿ.

ಕೆರೆಯ ಮೇಲೆ ವಾಹನಗಳಿಗೆ ದಾರಿ ಮಾಡುವವರು ನನ್ನ ಗಂಡನ ಅಣ್ಣ ವರ್ಲಿನ್ ಬ್ರೆಕೆ, ವಯಸ್ಸು 71. ಹಬ್ಬ ಮುಗಿದ ಮೇಲೆ ಊರಿನವರು ಎಸೆದ ಕ್ರಿಸ್‌ಮಸ್ ಮರಗಳನ್ನು ತಂದು, ಬೈರಿಗೆಯಿಂದ ಗಡ್ಡೆ ಕೊರೆದು, ದಾರಿಯುದ್ದಕ್ಕೂ ನೆಡುತ್ತಾರೆ. ಒಂಟಿ ಮರವೆಂದರೆ ದಾರಿ. ಎರಡು ಮರ ಒಂದಕ್ಕೊಂದು ಅಡ್ಡವಾಗಿ ಒರಗಿದ್ದರೆ ಮುಂದೆ ಬಿರುಕು, ಸುತ್ತಿಕೊಂಡು ಹೋಗಬೇಕು. ಬಿರುಕು ಮತ್ತೆ ಗಟ್ಟಿಯಾಗಿದೆಯೆಂದು ಕೊರೆದು ನೋಡಿದ ಮೇಲೆ ಭಾವನವರು ಒಂದು ಮರ ಕಿತ್ತು ಒಂದನ್ನು ಬಿಡುತ್ತಾರೆ. ಇಪ್ಪತ್ತಾರು ವರ್ಷದಿಂದ ನೋರ್ಡಾಲ್‌ನವರಿಗೆ ಇದೇ ಕಾನೂನು. ನನಗೂ ಚೆನ್ನಾಗಿ ಗೊತ್ತು.

ದಿನಾಂಕ 07-02-2015, ಶನಿವಾರ ಬೆಳಿಗ್ಗೆ 7.25ಕ್ಕೆ ನಾನು ವ್ಯಾನಿನಲ್ಲಿ ದಡಕ್ಕೆ ತಲುಪಿದೆನು. ಭಾವನವರು ಅಲ್ಲಿದ್ದರು. ರಾತ್ರಿ ಮಾರ್ಲಿಸ್ ಓಡೆಗಾರ್ಡಳ ಕೆಂಪು ಮನೆಯ ಹತ್ತಿರ ಗಡ್ಡೆ ಬಿರಿದಿದೆ, "ಎರಡು ಮರ ಇಟ್ಟಿದೀನಿ, ನೀನು ಬಲಗಡೆಯಿಂದ ಸುತ್ತಿ ಹೋಗಮ್ಮ, ಆಕಾಶ ನೋಡ್ಕೊಂಡು ಓಡಿಸ್ಬೇಡ" ಎಂದು ಹೇಳಿ, 7.40ಕ್ಕೆ ತಿಂಡಿಗೆ ಊರಿಗೆ ಹೋದರು.

7.52ಕ್ಕೆ ಕೆಂಪು ಮನೆಯ ಮೊದಲ ಫೋಟೋ ತೆಗೆದೆನು. ಅಡ್ಡ ಇಟ್ಟ ಮರಗಳು ಮನೆಯ ಹಿಂದೆ ನಲವತ್ತೈದು ಹೆಜ್ಜೆ ದೂರದಲ್ಲಿದ್ದವು. ಅವುಗಳಲ್ಲಿ ಒಂದರ ತುದಿ ಹೊಗೆಕೊಳವೆಯಿಂದಲೇ ಮೊಳೆತ ಹಾಗೆ ಕಾಣುತ್ತಿತ್ತು. ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಮಂಡಿಯೂರಿದೆ. ಹೇಗೆ ನಿಂತರೂ ಆ ತುದಿ ನನ್ನನ್ನು ಅಣಕಿಸುತ್ತಿತ್ತು. 7.58ಕ್ಕೆ ನಡೆದು ಹೋಗಿ ಆ ಮರವನ್ನು ಕಿತ್ತು ಇಪ್ಪತ್ತು ಹೆಜ್ಜೆ ಆಚೆ ಹಿಮದ ಮೇಲೆ ಮಲಗಿಸಿದೆನು. ಮೊದಲ ಫೋಟೋದಲ್ಲಿ ಗೋಡೆಯ ಪಕ್ಕ ಇಣುಕಿದ್ದ ಇನ್ನೊಂದು ಮರ, ನಾನು ಸ್ವಲ್ಪ ಸರಿದು ನಿಂತರೆ ಮನೆಯ ಮರೆಗೆ ಹೋಗುತ್ತಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಫೋಟೋ ಆದ ಕೂಡಲೇ ಮತ್ತೆ ನೆಡಬೇಕೆಂದೇ ಇದ್ದೆನು.

8.03ರಿಂದ 8.11ರವರೆಗೆ ಒಂಬತ್ತು ಫೋಟೋ ತೆಗೆದೆನು. ಅಷ್ಟರಲ್ಲಿ ಮುನ್ನೂರು ಗಜ ಉತ್ತರಕ್ಕಿರುವ ನಾರ್ಬರ್ಟ್ ಕೋಸ್ಕಿಯ ನೀಲಿ ಮನೆಯ ಮೇಲೆ ಬಿಸಿಲು ಬಿತ್ತು. ಹಳೆಯ ಬಸ್ಸಿನ ಅರ್ಧ ಕತ್ತರಿಸಿ ಮಾಡಿದ ಮನೆ ಅದು. ಅಂಥ ಬೆಳಕು ಐದು ನಿಮಿಷ ಇರುವುದಿಲ್ಲ. ಮರ ಎಲ್ಲಿಗೆ ಓಡಿಹೋಗುತ್ತದೆ, ಬಂದು ನೆಟ್ಟರಾಯಿತು ಎಂದುಕೊಂಡೆನು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನನ್ನನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಕ್ಯಾಮೆರಾ ಎತ್ತಿಕೊಂಡು ಓಡಿದೆನು.

8.26ಕ್ಕೆ ಆ ಫೋಟೋಗಳೂ ಮುಗಿದವು. ನಾರ್ಬರ್ಟ್ ಬಾಗಿಲು ತೆರೆದು, "ಏನಮ್ಮಾ, ವರ್ಷಾ ವರ್ಷಾ ನಮ್ಮನೆ ಫೋಟೋ ತೆಗೀತೀಯ, ಇದಕ್ಕೇನು ಗಂಡು ಹುಡುಕ್ತಿದೀಯಾ?" ಎಂದು ನಕ್ಕು ಕಾಫಿಗೆ ಕರೆದನು. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಗೆ ಬ್ಯಾಟರಿ ಸತ್ತಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಲೆಯ ಮುಂದೆ ಕುಳಿತೆನು. ಒಂದು ಲೋಟ ಕುಡಿದೆ. ಎರಡನೆಯದಕ್ಕೂ ಬೇಡವೆನ್ನಲಿಲ್ಲ. ಆ ಹದಿನೈದು ನಿಮಿಷ ಮರದ ನೆನಪು ನನಗೆ ಬರಲೇ ಇಲ್ಲ.

8.41ಕ್ಕೆ ಕೆಂಪು ಮನೆಯ ಕಡೆಯಿಂದ ಗಡ್ಡೆ ಒಡೆದ ಸದ್ದು ಕೇಳಿಸಿತು. ನಾರ್ಬರ್ಟ್ ಹಗ್ಗ ಮತ್ತು ಹಲಗೆ ಹಿಡಿದು ಓಡಿದನು, ನಾನು ಹಿಂದೆ ಓಡಿದೆನು. ಮಾರ್ಲಿಸಳ ಪಿಕಪ್ ವಾಹನ ಮುಳುಗಿಹೋಗಿತ್ತು. ಅವಳು ಕಿಟಕಿಯಿಂದ ಹೊರಬಂದು ಗಡ್ಡೆಯ ಅಂಚನ್ನು ಮೊಣಕೈಯಲ್ಲಿ ಹಿಡಿದಿದ್ದಳು. 8.49ಕ್ಕೆ ಎಳೆದು ಹಾಕಿದೆವು. "ಒಂದೇ ಮರ ಇತ್ತು ಕಣ್ರೀ, ಒಂದೇ ಇತ್ತು, ಅದಕ್ಕೇ ನೇರ ಬಂದೆ" ಎಂದು ಹಲ್ಲು ಕಟಕಟಿಸುತ್ತ ಹೇಳುತ್ತಲೇ ಇದ್ದಳು. ನಾರ್ಬರ್ಟ್ ಕೇಳಿಸಿಕೊಂಡನು. ನಾನು ಅವಳ ಕಾಲು ಉಜ್ಜುತ್ತಲೇ ಇದ್ದೆನು.

9.15ಕ್ಕೆ ಆಂಬ್ಯುಲೆನ್ಸ್ ಹೋಯಿತು. ನಾರ್ಬರ್ಟ್ ಅದರ ಹಿಂದೆಯೇ ಹೋದನು. ನಾನೊಬ್ಬಳೇ ಉಳಿದಾಗ, ಮಲಗಿಸಿದ್ದ ಮರವನ್ನು ಎತ್ತಿ ವ್ಯಾನಿನ ಹಿಂಭಾಗಕ್ಕೆ ಹಾಕಿ ಕಂಬಳಿ ಮುಚ್ಚಿದೆನು. ಇದನ್ನು ಯಾರೂ ನನ್ನಿಂದ ಮಾಡಿಸಲಿಲ್ಲ. ಆ ಮರ ಈಗಲೂ ನನ್ನ ಗ್ಯಾರೇಜಿನಲ್ಲಿದೆ.

9.40ಕ್ಕೆ ಭಾವನವರು ಬಂದರು. ಮರದ ತೂತುಗಳಿದ್ದ ಗಡ್ಡೆಯೇ ಒಡೆದುಹೋಗಿತ್ತು. ಉಳಿದ ಮರ ನೀರಿನಲ್ಲಿ ತೇಲುತ್ತಿತ್ತು. ಇನ್ನೊಂದಕ್ಕಾಗಿ ಅವರು ಹನ್ನೊಂದೂವರೆವರೆಗೆ ಹುಡುಕಿದರು. "ಎರಡು ಇಟ್ಟೆ ಅಂತ ನಿನಗೆ ಹೇಳಿದ್ನಲ್ಲ ಆರ್ಡಿಸ್, ಇಟ್ಟಿದ್ನಾ ನಾನು?" ಎಂದು ಕೇಳಿದರು. ನೀವು ಹಾಗೆ ಹೇಳಿದ್ದು ನಿಜ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರಿಸಿದೆನು.

ಭಾನುವಾರ ಚರ್ಚಿನ ಕಾಫಿಯ ಹೊತ್ತಿಗೆ, ವರ್ಲಿನ್‌ಗೂ ಅವರಮ್ಮನ ಕಾಯಿಲೆ ಹಿಡೀತು ಎಂಬ ಮಾತು ಊರಿಗೆಲ್ಲ ಹಬ್ಬಿತ್ತು. ನನ್ನ ಅತ್ತೆ ಕೊನೆಯ ಆರು ವರ್ಷ ಹೆತ್ತ ಮಕ್ಕಳ ಗುರುತು ಹಿಡಿಯಲಿಲ್ಲ. ಭಾವನವರು ಜೀವನದಲ್ಲಿ ಹೆದರಿದ್ದು ಅದೊಂದಕ್ಕೇ. ಸೋಮವಾರ ಇದೇ ಕಚೇರಿಯಲ್ಲಿ ಅವರು, ಎರಡನೇ ಮರ ಇಡಲು ಮರೆತೆನು ಎಂದು ಬರೆಸಿ ಸಹಿ ಮಾಡಿದ್ದಾರೆ. ಅದು ಸುಳ್ಳು. ಅದನ್ನು ರದ್ದು ಮಾಡಬೇಕೆಂದು ಕೋರುತ್ತೇನೆ.

ಮಂಗಳವಾರ ಸಂಜೆ 5.10ಕ್ಕೆ ಭಾವನವರು ನನ್ನ ಮನೆಗೆ ಬಂದು ತಮ್ಮ ಗಾಡಿಯ ಬೀಗದ ಕೈ ಮೇಜಿನ ಮೇಲಿಟ್ಟರು. "ಇನ್ಮೇಲೆ ನಾನು ಓಡಿಸ್ಬಾರ್ದು, ನೀನೇ ಇಟ್ಕೋ. ಗುರುವಾರ ತಲೆ ಪರೀಕ್ಷೆ ಮಾಡ್ತಾರಂತೆ, ಕರ್ಕೊಂಡು ಹೋಗ್ತೀಯಾ?" ಎಂದರು. ನಾನು ಊಟ ಬಡಿಸಿದೆನು. ಅವರು ಚಮಚ ಹಿಡಿದಾಗ ಅಂಗೈಯಲ್ಲಿ ಪೆನ್ನಿನಿಂದ ಬರೆದದ್ದು ಕಾಣಿಸಿತು: ಒಲೆ ಆರಿಸಿದೆ, ಬಾಗಿಲು ಹಾಕಿದೆ.  ಆಗಲೂ ನಿಜ ನುಡಿಯದೆ ಇನ್ನೊಂದು ಸೌಟು ಬಡಿಸಿದೆನು. ರಾತ್ರಿಯಿಡೀ ಕುಳಿತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಇಂದು ನಾನೇ ಅವರನ್ನು ವ್ಯಾನಿನಲ್ಲಿ ಇಲ್ಲಿಗೆ ಕರೆತಂದಿದ್ದೇನೆ. ತಮ್ಮ ಪರವಾಗಿ ನಾಲ್ಕು ಒಳ್ಳೆಯ ಮಾತು ಹೇಳಲು ಬಂದಿದ್ದೇನೆಂದು ತಿಳಿದು ಅವರು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಮಾರ್ಲಿಸಳಿಗೆ ಮೂರು ಪಕ್ಕೆಲುಬು ಮುರಿದಿದೆ, ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಅವಳ ಮುಂದೆಯೂ ಇದನ್ನೇ ಹೇಳುತ್ತೇನೆ. ಎರಡೂ ಮರ ಕಾಣುವ 7.52ರ ಫೋಟೋ ಇರುವ ಕ್ಯಾಮೆರಾದ ಕಾರ್ಡನ್ನು ಇದರೊಂದಿಗೆ ಒಪ್ಪಿಸಿದ್ದೇನೆ.

ಇದನ್ನು ಭಾವನವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ನನಗಿಲ್ಲದ ಕಾರಣ, ನನ್ನ ಕೋರಿಕೆಯ ಮೇರೆಗೆ ಹೊರಗೆ ಕುಳಿತ ಅವರಿಗೆ ಕೇಳಿಸಲೆಂದು ಬಾಗಿಲು ತೆರೆದಿಟ್ಟು ಈ ಹೇಳಿಕೆಯನ್ನು ಗಟ್ಟಿಯಾಗಿ ಓದಲಾಯಿತು. ಓದಲು ಒಂಬತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಭಾವನವರು ಬಾಗಿಲಿಗೆ ಬಂದು, "ಎರಡೂ ಇತ್ತಾ?" ಎಂದು ಕೇಳಿದರು. ಎರಡೂ ಇತ್ತು ಭಾವ, ಎಂದೆನು. ಅವರು ಟೋಪಿ ಹಾಕಿಕೊಂಡು, ನನ್ನ ವ್ಯಾನಿಗೆ ಕಾಯದೆ, ನಡೆದೇ ಹೊರಟರು. ಅವರ ಮನೆ ಇಲ್ಲಿಂದ ನಾಲ್ಕೂವರೆ ಮೈಲಿ ದೂರವಿದೆ. ಈ ಸಾಲುಗಳನ್ನೂ ಸೇರಿಸಬೇಕೆಂದು ನಾನೇ ಹೇಳಿ ಬರೆಸಿದ್ದೇನೆ.

ಮೇಲೆ ಬರೆಸಿದ್ದೆಲ್ಲವೂ ಸತ್ಯ. ನನ್ನನ್ನು ಉಳಿಸಿಕೊಳ್ಳಲು ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ.

ಸ್ಥಳ: ನೋರ್ಡಾಲ್
ದಿನಾಂಕ: 11-02-2015, ಮಧ್ಯಾಹ್ನ 2.35
ಸಹಿ: ಆರ್ಡಿಸ್ ಬ್ರೆಕೆ